ಮನೆಯಲ್ಲಿ ಎರೆಹುಳು ಸಾಕಣೆ: ಪದೇ ಪದೇ ಕೇಳುವ ಪ್ರಶ್ನೆಗಳು

2012ರಲ್ಲಿ ಮಾವಳ್ಳಿಪುರಕ್ಕೆ ಕಸ ಹೋಗುವುದು ನಿಂತು ಬೆಂಗಳೂರಿನ ಬೀದಿಗಳಲ್ಲಿ ಕಸ ಗುಡ್ಡೆಬಿದ್ದಾಗ, ನಮ್ಮ ಹಿತ್ತಲಿನ ಮೂಲೆಯಲ್ಲಿ ಒಂದು ಹಳೇ ಪ್ಲಾಸ್ಟಿಕ್ ಟಬ್ಬಿಗೆ ಎರೆಹುಳು ಬಿಟ್ಟೆ. ಅಂದಿನಿಂದ ಅಕ್ಕಪಕ್ಕದವರು, ನೆಂಟರು, ಹುಳು ಕೇಳಿಕೊಂಡು ಬಂದವರು, ದೂರದಿಂದ ಪತ್ರ ಬರೆದವರು ಕೇಳುತ್ತಿರುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ.

## ಶುರು ಮಾಡುವ ಮುಂಚೆ

ತೋಟದ ಮಣ್ಣಲ್ಲೇ ಎರೆಹುಳು ಸಿಗುತ್ತಲ್ಲ, ಅದನ್ನೇ ಹಿಡಿದು ಬಿಟ್ಟರೆ ಆಗಲ್ವಾ?

ಆಗುವುದಿಲ್ಲ. ಮಳೆಯ ಮಾರನೇ ದಿನ ಅಂಗಳದಲ್ಲಿ ಕಾಣುವ ಹುಳುಗಳು ಬಹುಪಾಲು ಮಣ್ಣಿನೊಳಗೆ ಬಿಲ ಕೊರೆದು, ಮಣ್ಣನ್ನೇ ನುಂಗಿ ಬದುಕುವ ಜಾತಿಯವು. ಅಡುಗೆಮನೆ ಕಸದ ಡಬ್ಬದಲ್ಲಿ ಅವು ಹೆಚ್ಚು ದಿನ ಉಳಿಯುವುದಿಲ್ಲ. ನಮಗೆ ಬೇಕಾದ್ದು ನೆಲದ ಮೇಲ್ಪದರದಲ್ಲಿ, ಕೊಳೆಯುವ ಎಲೆ ಸೆಗಣಿಗಳ ನಡುವೆ ಬಾಳುವ ಹುಳು.

ನಮ್ಮಲ್ಲಿ ಸಾಕುವುದು ಮುಖ್ಯವಾಗಿ ಮೂರು ಜಾತಿ. ಯೂಡ್ರಿಲಸ್ ಯೂಜೀನಿಯೆ ಆಫ್ರಿಕಾ ಮೂಲದ್ದು. ದಪ್ಪ, ನೇರಳೆ ಬೆರೆತ ಕಂದು ಬಣ್ಣ, ಬೆಚ್ಚಗಿನ ಹವೆ ಇಷ್ಟ, ಚಳಿ ಆಗದು. ಐಸೀನಿಯಾ ಫೆಟಿಡಾ ಸಣ್ಣದು, ಕೆಂಪು, ಮೈಮೇಲೆ ತಿಳಿ ಹಳದಿ ಪಟ್ಟೆ. ಹವೆಯ ಏರುಪೇರನ್ನು ಚೆನ್ನಾಗಿ ತಡೆಯುತ್ತದೆ. ಮೂರನೆಯದು ಪೆರಿಯೋನಿಕ್ಸ್ ಎಕ್ಸ್‌ಕವೇಟಸ್. ಇದು ನಮ್ಮ ಕಡೆಯದೇ. ತೆಳ್ಳಗಿರುತ್ತದೆ, ಬೆಳಕಿಗೆ ಹಿಡಿದರೆ ನೀಲಿ ಹೊಳಪು, ಮುಟ್ಟಿದರೆ ಚಡಪಡಿಸಿ ಪುಟಿಯುತ್ತದೆ. ಸಾವಯವ ಕಸ ಕರಗಿಸಲು ಇದು ಹೇಗೆ ಒದಗುತ್ತದೆಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಡಾ. ರಾಧಾ ಕಾಳೆ ಮತ್ತು ಸಂಗಡಿಗರು 1982ರಲ್ಲೇ ಬರೆದಿದ್ದರು. ಹಳ್ಳಿಯ ಹಳೇ ತಿಪ್ಪೆ ಕೆದಕಿದರೆ ಕೆಲವೊಮ್ಮೆ ಈ ಹುಳು ಸಿಗುತ್ತದೆ. ಅದನ್ನು ತಂದು ಬಿಟ್ಟರೆ ಅಡ್ಡಿಯಿಲ್ಲ.

ಎಷ್ಟು ಹುಳು ಬೇಕು, ಎಲ್ಲಿ ಸಿಗುತ್ತೆ?

ನಾಲ್ಕು ಜನರ ಮನೆಗೆ ಅರ್ಧ ಕೆ.ಜಿ. ಸಾಕು. ಬೆಂಗಳೂರಿನಲ್ಲಿ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯದ ಆವರಣ), ಬೇರೆಡೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಎರೆಗೊಬ್ಬರ ಮಾಡುವ ರೈತರ ಬಳಿ ಸಿಕ್ಕರೆ ಇನ್ನೂ ಒಳ್ಳೆಯದು. ಬರೀ ಹುಳುವನ್ನು ತೂಗಿಸಿ ತರಬೇಡಿ. ಅವು ಬೆಳೆದ ಗೊಬ್ಬರದ ಸಮೇತ ಒಂದು ಬುಟ್ಟಿ ಕೇಳಿ. ಅದರೊಳಗೆ ಮೊಟ್ಟೆಯ ಕೋಶ, ಮರಿ, ಅವುಗಳಿಗೆ ಒಗ್ಗಿದ ಸೂಕ್ಷ್ಮಜೀವಿಗಳು ಎಲ್ಲವೂ ಬರುತ್ತವೆ.

ನಮ್ಮದು ಎರಡನೇ ಮಹಡಿ ಫ್ಲ್ಯಾಟು. ಬಾಲ್ಕನಿಯಲ್ಲಿ ಸಾಕಬಹುದಾ? ಎಂಥ ಡಬ್ಬ ತಗೋಬೇಕು?

ಧಾರಾಳವಾಗಿ ಸಾಕಬಹುದು, ಸಂಜೆಯ ಪಡುವಣ ಬಿಸಿಲು ನೇರವಾಗಿ ಬೀಳದಿದ್ದರೆ ಸರಿ. ಈ ಹುಳುಗಳು ಮೇಲಿನ ಒಂದು ಗೇಣಿನಲ್ಲೇ ಓಡಾಡುವುದರಿಂದ ಆಳದ ಡ್ರಮ್ಮಿಗಿಂತ ಅಗಲದ ಟಬ್ಬು ಮೇಲು. ಸುಮಾರು ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಒಂದಡಿ ಆಳ ಇದ್ದರೆ ಆಯಿತು. ತಳಕ್ಕೆ ಹತ್ತು ಹದಿನೈದು ತೂತು, ಬದಿಗಳಲ್ಲಿ ಮೇಲ್ಗಡೆ ಒಂದು ಸಾಲು ತೂತು ಕೊರೆಯಿರಿ. ನಾಲ್ಕು ಇಟ್ಟಿಗೆಯ ಮೇಲೆ ಕೂರಿಸಿ ಕೆಳಗೊಂದು ತಟ್ಟೆ ಇಡಿ. ಎರೆಹುಳು ಚರ್ಮದಿಂದ ಉಸಿರಾಡುವ ಜೀವ. ಗಾಳಿಯಾಡದ ಮುಚ್ಚಳ ಹಾಕಿ ಬಿಗಿದರೆ ಉಸಿರುಗಟ್ಟುತ್ತದೆ. ಮುಚ್ಚಳದ ಬದಲು ಗೋಣಿಚೀಲ ಹೊದಿಸಿ.

ಅತ್ತೆಯವರು "ಹುಳ ಮನೆಯೊಳಗೆ ಬೇಡವೇ ಬೇಡ" ಅಂತಾರೆ. ಅವರಿಗೆ ಏನ್ ಹೇಳ್ಲಿ?

ಅವರ ಆತಂಕ ಸಹಜ. ಮಾತಿನಲ್ಲಿ ಒಪ್ಪಿಸುವುದಕ್ಕಿಂತ, ಹುಳು ಸಾಕಿದವರ ಮನೆಗೆ ಒಮ್ಮೆ ಕರೆದುಕೊಂಡು ಹೋಗಿ ಒಂದು ಹಿಡಿ ಗೊಬ್ಬರ ಅವರ ಕೈಗೇ ಕೊಡಿಸಿ. ಮೊದಲ ಮಳೆ ಬಿದ್ದ ನೆಲದ ವಾಸನೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಹುಳು ಕಚ್ಚುವುದಿಲ್ಲ, ಬೆಳಕು ಕಂಡರೆ ಒಳಗೆ ಸೇರಿಕೊಳ್ಳುತ್ತದೆ, ಡಬ್ಬ ಹಿತವಾಗಿದ್ದರೆ ಹೊರಗೆ ಬರುವ ಗೋಜಿಗೇ ಹೋಗುವುದಿಲ್ಲ. ನಮ್ಮ ಮನೆಯಲ್ಲೂ ಹಿರಿಯರ ಮನಸ್ಸು ಬದಲಾದದ್ದು ವೃಂದಾವನದ ತುಳಸಿ ಸೊಂಪಾಗಿ ಚಿಗುರಿದ ಮೇಲೆ. ಆಮೇಲೆ ಬಾಳೆಹಣ್ಣಿನ ಸಿಪ್ಪೆ ಎತ್ತಿಡುವ ಕೆಲಸ ಅವರೇ ವಹಿಸಿಕೊಂಡರು.

ಮೊದಲ ದಿನ ಏನೇನು ಮಾಡಬೇಕು?

ಮೊದಲು ಹಾಸಿಗೆ ಸಿದ್ಧಮಾಡಿ. ತಳಕ್ಕೆ ಎರಡಿಂಚು ತೆಂಗಿನ ಸಿಪ್ಪೆಯ ಚೂರು ಅಥವಾ ಒಣ ಕಡ್ಡಿಗಳು, ನೀರು ಬಸಿಯಲು. ಅದರ ಮೇಲೆ ಐದಾರು ಇಂಚು ತರಗೆಲೆ, ಹರಿದ ನ್ಯೂಸ್‌ಪೇಪರ್, ನೆನೆಸಿದ ತೆಂಗಿನ ನಾರಿನ ಪುಡಿ ಬೆರೆಸಿ ಹರಡಿ. ನಾರಿನ ಪುಡಿಯಲ್ಲಿ ಉಪ್ಪಿರುತ್ತದೆ, ಎರಡು ಮೂರು ಸಲ ನೀರು ಬದಲಿಸಿ ಹಿಂಡಿ ತೆಗೆದೇ ಬಳಸಿ. ಎರಡು ಹಿಡಿ ತೋಟದ ಮಣ್ಣನ್ನೂ ಸೇರಿಸಿ. ಹುಳುವಿಗೆ ಹಲ್ಲಿಲ್ಲ. ಹಕ್ಕಿಗಿರುವಂಥ ಅರೆಯುವ ಚೀಲವೊಂದು ಹೊಟ್ಟೆಯಲ್ಲಿದೆ, ಅದಕ್ಕೆ ಮರಳಿನ ಕಣ ಬೇಕು.

ಈ ಹಾಸಿಗೆಯನ್ನು ಒಂದು ಮುಷ್ಟಿ ಹಿಂಡಿದರೆ ಒಂದೆರಡು ಹನಿ ನೀರು ಇಳಿಯಬೇಕು. ಧಾರೆಯಾಗಿ ಇಳಿದರೆ ನೀರು ಹೆಚ್ಚು, ಏನೂ ಇಳಿಯದಿದ್ದರೆ ಕಡಿಮೆ. ನಾಲ್ಕೈದು ದಿನ ಹಾಗೇ ಬಿಟ್ಟು, ಒಳಗೆ ಕೈಹಾಕಿದಾಗ ಬಿಸಿಯಿಲ್ಲವೆಂದು ಖಾತ್ರಿಯಾದ ಮೇಲೆ ಹುಳುವನ್ನು ಮೇಲೆ ಸುರಿಯಿರಿ. ತಾವಾಗಿ ಇಳಿದುಹೋಗುತ್ತವೆ. ಮೊದಲ ಮೂರು ರಾತ್ರಿ ಬಾಲ್ಕನಿಯ ದೀಪ ಉರಿಯುತ್ತಿರಲಿ, ಇಲ್ಲದಿದ್ದರೆ ಹೊಸ ಜಾಗಕ್ಕೆ ಹೊಂದದೆ ಹೊರಗೆ ಹರಿಯುತ್ತವೆ. ಮೊದಲ ವಾರ ಊಟ ಬೇಡ.

## ಊಟದ ವಿಷಯ

ಏನು ಹಾಕಬಹುದು, ಏನು ಹಾಕಬಾರದು?

ಬೇಯಿಸದ, ಉಪ್ಪು ಮುಟ್ಟದ ಸಸ್ಯದ ಭಾಗ ಯಾವುದಾದರೂ ಬಹುಮಟ್ಟಿಗೆ ಸರಿ. ಸೊಪ್ಪಿನ ಕಡ್ಡಿ, ತರಕಾರಿ ಸಿಪ್ಪೆ, ಬಾಳೆಹಣ್ಣು ಮತ್ತು ಪರಂಗಿಯ ಸಿಪ್ಪೆ, ಕುಂಬಳದ ತಿರುಳು, ಊಟ ಮಾಡಿ ತೊಳೆದ ಬಾಳೆಲೆಯ ಚೂರು. ನನ್ನ ಹುಳುಗಳಿಗೆ ಅಚ್ಚುಮೆಚ್ಚು ಸಿಹಿಗುಂಬಳ. ಒಂದು ತುಂಡು ಮುಚ್ಚಿಟ್ಟು ನಾಲ್ಕು ದಿನಕ್ಕೆ ಎತ್ತಿದರೆ ಕೆಳಗೆ ಎಳೆಯ ಮರಿಗಳು ಶಾವಿಗೆ ಚೆಲ್ಲಿದಂತೆ ಅಂಟಿಕೊಂಡಿರುತ್ತವೆ. ಫಿಲ್ಟರ್ ಕಾಫಿಯ ಗಷ್ಟು ಒಳ್ಳೆಯದು, ಆದರೆ ಅದನ್ನೊಂದೇ ಸುರಿಯಬೇಡಿ. ಟೀ ಸೊಪ್ಪಿನಲ್ಲಿ ಹಾಲು ಸಕ್ಕರೆ ಇರುತ್ತದೆ, ತೊಳೆದು ಹಾಕಿ.

ಬೇಡದ್ದು: ನಿಂಬೆ, ಮೋಸಂಬಿ, ಕಿತ್ತಳೆ ಸಿಪ್ಪೆ. ಆ ಸಿಪ್ಪೆಯ ಎಣ್ಣೆ ಹುಳುವಿನ ಮೈ ಸುಡುತ್ತದೆ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹಸಿ ಈರುಳ್ಳಿಯೂ ಬೇಡ. ಈರುಳ್ಳಿಯ ಒಣ ಸಿಪ್ಪೆ ಸ್ವಲ್ಪವಾದರೆ ಪರವಾಗಿಲ್ಲ. ಉಪ್ಪಿನಕಾಯಿ, ಸಾರು, ಪಲ್ಯ, ಹಾಲು ಮೊಸರು, ಮಾಂಸ, ಮೀನು, ನಾಯಿ ಬೆಕ್ಕಿನ ಮಲ ಖಂಡಿತ ಬೇಡ. ಬೇವಿನ ಸೊಪ್ಪು, ಬೇವಿನ ಹಿಂಡಿ ಗಿಡಕ್ಕಿರಲಿ, ಡಬ್ಬಕ್ಕೆ ಬೇಡ. ಮಾವಿನ ಓಟೆ, ತೆಂಗಿನ ಚಿಪ್ಪು ಹುಳುವಿಗೆ ತೊಂದರೆ ಕೊಡುವುದಿಲ್ಲ, ಆದರೆ ವರ್ಷಗಟ್ಟಲೆ ಕರಗುವುದೂ ಇಲ್ಲ.

ದಿನಾ ಹಾಕಬೇಕಾ? ಎಷ್ಟು ಹಾಕಬೇಕು? ಹಸಿದು ಸಾಯಲ್ವಾ?

ಈ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಉತ್ತರಿಸಬೇಕು. ಇಷ್ಟು ವರ್ಷದಲ್ಲಿ ಜನ ನನಗೆ ತಂದು ತೋರಿಸಿದ ಸತ್ತ ಡಬ್ಬಗಳಲ್ಲಿ ಹಸಿದು ಸತ್ತದ್ದು ಒಂದೂ ಇರಲಿಲ್ಲ. ಎಲ್ಲವೂ ಪ್ರೀತಿಯಿಂದ ಅತಿಯಾಗಿ ಬಡಿಸಿದವು.

ಎರೆಹುಳು ಹಸಿ ತರಕಾರಿಯನ್ನು ಕಚ್ಚಿ ತಿನ್ನುವುದಿಲ್ಲ. ಮೊದಲು ಬ್ಯಾಕ್ಟೀರಿಯಾ, ಬೂಷ್ಟು ಅದನ್ನು ಮೆತ್ತಗೆ ಮಾಡಬೇಕು. ಆ ಮೆತ್ತಗಾದ ತಿರುಳನ್ನೂ ಅದರ ಮೇಲೆ ಬೆಳೆದ ಸೂಕ್ಷ್ಮಜೀವಿಗಳನ್ನೂ ಹುಳು ಹೀರಿಕೊಳ್ಳುತ್ತದೆ. ಅಂದರೆ ನಾವು ಬಡಿಸುವುದು ಹುಳುವಿಗಲ್ಲ, ಸೂಕ್ಷ್ಮಜೀವಿಗಳಿಗೆ. ಅವುಗಳ ಕೆಲಸ ಮುಗಿಯುವ ಮುಂಚೆ ಇನ್ನೊಂದು ಪದರ ಹಾಕಿದರೆ ರಾಶಿ ಬಿಸಿಯಾಗುತ್ತದೆ, ಹುಳಿಯಾಗುತ್ತದೆ, ಒಳಗೆ ಗಾಳಿಯಿಲ್ಲದಂತಾಗುತ್ತದೆ. ಹುಳುವಿಗೆ ಓಡಿಹೋಗಲು ಜಾಗವಿರುವುದಿಲ್ಲ.

ಹುಳು ದಿನಕ್ಕೆ ತನ್ನ ತೂಕದ ಅರ್ಧದಷ್ಟು ತಿನ್ನುತ್ತದೆಂಬ ಲೆಕ್ಕ ಎಲ್ಲೆಡೆ ಓಡಾಡುತ್ತದೆ. ಅದು ಚೆನ್ನಾಗಿ ನೆಲೆಯೂರಿದ ಡಬ್ಬದ ಮಾತು. ಅರ್ಧ ಕೆ.ಜಿ. ಹುಳುವಿಗೆ ಮೊದಲ ಎರಡು ತಿಂಗಳು ದಿನಕ್ಕೆ ನೂರು ಗ್ರಾಂ ಲೆಕ್ಕ ಹಿಡಿಯಿರಿ, ಅದನ್ನೂ ದಿನಾ ಹಾಕದೆ ಮೂರು ದಿನಕ್ಕೊಮ್ಮೆ ಒಟ್ಟಿಗೆ ಹಾಕಿ. ಡಬ್ಬವನ್ನು ಮನಸ್ಸಿನಲ್ಲೇ ನಾಲ್ಕು ಮೂಲೆ ಮಾಡಿಕೊಳ್ಳಿ. ಒಂದು ಸಲ ಒಂದು ಮೂಲೆಯಲ್ಲಿ ಹೂತು, ಮೇಲೆ ಎರಡು ಬೊಗಸೆ ತರಗೆಲೆ ಮುಚ್ಚಿ. ಸುತ್ತು ಮುಗಿಸಿ ಮೊದಲ ಮೂಲೆಗೆ ಬಂದಾಗ ಕೆದಕಿ ನೋಡಿ. ಹಿಂದೆ ಹಾಕಿದ್ದು ಗುರುತು ಸಿಗುವಂತಿದ್ದರೆ ಆ ದಿನ ಏನೂ ಬೇಡ. ಉಳಿದ ಹಸಿಕಸ ಸಾದಾ ಕಂಪೋಸ್ಟ್ ಮಡಕೆಗೋ ಪಾಲಿಕೆಯ ಗಾಡಿಗೋ ಹೋಗಲಿ. ಮನೆಯ ಕಸವನ್ನೆಲ್ಲ ಮೊದಲ ದಿನದಿಂದ ಹುಳುವಿನ ಮೇಲೆ ಹೊರಿಸಬೇಡಿ.

ಸೆಗಣಿ ಇಲ್ಲದೆ ಆಗುತ್ತಾ? ನಮ್ಮ ಏರಿಯಾದಲ್ಲಿ ಹಸುವೇ ಇಲ್ಲ.

ಆಗುತ್ತದೆ. ಸಿಕ್ಕರೆ ಬಹಳ ಒಳ್ಳೆಯದು, ಆದರೆ ಹಸಿ ಸೆಗಣಿ ಬೇಡ. ಅದು ಒಳಗೊಳಗೇ ಕಾಯುತ್ತದೆ, ಅಮೋನಿಯಾ ಬಿಡುತ್ತದೆ. ನೆರಳಲ್ಲಿ ಹದಿನೈದು ದಿನ ಹರಡಿ ಆರಿಸಿ ಹಾಕಿ. ಸಿಗದಿದ್ದರೆ ಹಳೇ ಕಂಪೋಸ್ಟು ಒಂದು ಬೊಗಸೆ ಸಾಕು.

ಮಿಕ್ಕಿದ ಅನ್ನ, ಚಪಾತಿ, ಹುಳಿ ಬಂದ ದೋಸೆ ಹಿಟ್ಟು ಹಾಕಬಹುದಾ?

ಉಪ್ಪು ಹಾಕದ ಅನ್ನ ಒಂದು ಹಿಡಿ, ತೆಳ್ಳಗೆ ಹರಡಿ, ಒಣ ಎಲೆಯ ಜೊತೆ ಹಾಕಬಹುದು. ಉಂಡೆಯಾಗಿ ಬಿದ್ದರೆ ಅಂಟಂಟಾಗಿ ನಾರುತ್ತದೆ. ಎಣ್ಣೆ ಉಪ್ಪಿನ ಚಪಾತಿ ಬೇಡ. ದೋಸೆ ಹಿಟ್ಟು ಬೇಡವೇ ಬೇಡ. ಉದ್ದಿನ ಬೇಳೆಯ ಪ್ರೋಟೀನು, ಉಪ್ಪು, ಹುಳಿ ಮೂರೂ ಒಟ್ಟಿಗೆ ಬಂದಂತೆ.

ಪೂಜೆಯ ಹೂವನ್ನು ಕಸದ ಗಾಡಿಗೆ ಹಾಕೋಕೆ ಮನಸ್ಸು ಬರಲ್ಲ. ಹುಳುವಿಗೆ ಹಾಕಬಹುದಾ?

ಅದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ದೇವರಿಗೆ ಏರಿಸಿದ ಹೂವು ಎರೆಗೊಬ್ಬರವಾಗಿ ಮತ್ತೆ ದಾಸವಾಳದ ಬುಡಕ್ಕೇ ಬರುತ್ತದೆ. ಆದರೆ ಮಾರುಕಟ್ಟೆಯ ಹೂವಿಗೆ ಕೀಟನಾಶಕ ಹೊಡೆದಿರಬಹುದು. ಒಂದು ಬಕೆಟ್ ನೀರಿನಲ್ಲಿ ಅದ್ದಿ ತೆಗೆದು, ಎರಡು ದಿನ ಬಾಡಿಸಿ ಹಾಕಿ. ದಾರ ಬಿಚ್ಚಿ, ಬಾಳೆನಾರಾದರೆ ಕರಗುತ್ತದೆ, ನೈಲಾನ್ ದಾರ ಹುಳುವಿಗೆ ಸುತ್ತಿಕೊಳ್ಳುತ್ತದೆ. ಕುಂಕುಮ, ವಿಭೂತಿ, ಕರ್ಪೂರದ ಮಸಿ ಮೆತ್ತಿದ ಹೂವನ್ನು ಬೇರೆ ಇಡಿ. ಆಯುಧಪೂಜೆಯ ಬೂದುಗುಂಬಳವನ್ನೂ ಕುಂಕುಮ ತೊಳೆದು, ಸ್ವಲ್ಪ ಸ್ವಲ್ಪವಾಗಿ ಹಾಕಬಹುದು.

ಅವರೆಕಾಯಿ ಕಾಲದಲ್ಲಿ ಸಿಪ್ಪೆ ರಾಶಿ ಬೀಳುತ್ತೆ. ಎಲ್ಲಾ ಒಟ್ಟಿಗೆ ಹಾಕಿದ್ರೆ ಏನಾಗುತ್ತೆ?

ನಾನು ಹಾಕಿ ನೋಡಿದ್ದೇನೆ. ಒಂದು ಜನವರಿಯಲ್ಲಿ ಮನೆಗೆ ನೆಂಟರು ಬಂದು, ಹಿಸುಕಿದ ಬೇಳೆಗೆಂದು ಐದು ಕೆ.ಜಿ. ಅವರೆಕಾಯಿ ಸುಲಿದೆವು. ಸಿಪ್ಪೆ, ಹಿಸುಕಿ ತೆಗೆದ ಕಾಳಿನ ಹೊಟ್ಟು ಎಲ್ಲವನ್ನೂ ಟಬ್ಬಿಗೆ ಸುರಿದು ಗೋಣಿ ಮುಚ್ಚಿದೆ. ಮೂರನೇ ದಿನ ಬೆಳಿಗ್ಗೆ ಗೋಣಿ ಎತ್ತಿದಾಗ ಮುಖಕ್ಕೆ ಹಬೆ ತಾಗಿತು. ಕೈ ಒಳಗಿಟ್ಟರೆ ಸುಡುತ್ತಿತ್ತು. ಟಬ್ಬಿನ ಗೋಡೆಯ ಮೇಲೆಲ್ಲ ಹುಳುಗಳು ಒಂದರ ಮೇಲೊಂದು ಹತ್ತಿ ನಿಂತಿದ್ದವು. ನಡುವೆ ಸಿಕ್ಕಿಕೊಂಡವು ಅಲ್ಲಲ್ಲಿ ಉಬ್ಬಿ, ಅಲ್ಲಲ್ಲಿ ಚಿವುಟಿದಂತಾಗಿ, ಮಣಿ ಪೋಣಿಸಿದ ಹಾಗೆ ಕಾಣುತ್ತಿದ್ದವು. ಪ್ರೋಟೀನು ಹೆಚ್ಚಾದ ಆಹಾರ ಹುಳುವಿನ ಹೊಟ್ಟೆಯಲ್ಲಿ ಹುದುಗಿ ಅನಿಲವಾಗುವುದರ ಗುರುತು ಅದು. ಹಾಗಾದ ಹುಳು ಉಳಿಯುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಹುಳು ಹೋದವು. ಆ ಬೆಳಗನ್ನು ನಾನು ಮರೆತಿಲ್ಲ.

ಈಗ ಅವರೆ ಸಿಪ್ಪೆಯನ್ನು ಮೊದಲು ಎರಡು ಪಾಲು ತರಗೆಲೆಯ ಜೊತೆ ಬೇರೆ ಬುಟ್ಟಿಯಲ್ಲಿ ಮೂರು ವಾರ ಕಳಿಯಲು ಬಿಡುತ್ತೇನೆ. ಬಿಸಿ ಪೂರ್ತಿ ಇಳಿದು ಬಣ್ಣ ಕಂದಾದ ಮೇಲೆ ಸ್ವಲ್ಪ ಸ್ವಲ್ಪವಾಗಿ ಹುಳುವಿಗೆ. ಹಲಸಿನ ಸಿಪ್ಪೆ, ಮಾವಿನ ಕಾಲದ ಸಿಪ್ಪೆ ರಾಶಿಗೂ ಇದೇ ಕ್ರಮ. ನಿಮ್ಮ ಡಬ್ಬಕ್ಕೆ ಹೀಗಾಗಿದ್ದರೆ ಹಾಕಿದ್ದನ್ನೆಲ್ಲ ಕೂಡಲೇ ಹೊರತೆಗೆಯಿರಿ, ಹಾಸಿಗೆಯನ್ನು ಸಡಿಲಿಸಿ ಒಣ ಎಲೆ ಬೆರೆಸಿ, ಒಂದು ಬದಿಯಲ್ಲಿ ತಂಪಾದ ಹೊಸ ಹಾಸಿಗೆ ಮಾಡಿಕೊಡಿ. ಬದುಕಿರುವವು ಅಲ್ಲಿಗೆ ಬರುತ್ತವೆ.

## ತೊಂದರೆ ಬಂದಾಗ

ಡಬ್ಬ ನಾರುತ್ತಿದೆ. ಏನು ಮಾಡ್ಲಿ?

ಒಂದು ವಾರ ಊಟ ನಿಲ್ಲಿಸಿ, ಕೈಯಿಂದ ಮೆಲ್ಲಗೆ ಸಡಿಲಿಸಿ, ತರಗೆಲೆ ಅಥವಾ ಹರಿದ ರಟ್ಟು ಧಾರಾಳವಾಗಿ ಬೆರೆಸಿ. ತಳದ ತೂತು ಕಟ್ಟಿಕೊಂಡಿದೆಯೇ ನೋಡಿ. ಹುಳಿ ವಾಸನೆಯಿದ್ದರೆ ಒಣಗಿಸಿ ಪುಡಿಮಾಡಿದ ಮೊಟ್ಟೆಚಿಪ್ಪು ಎರಡು ಚಮಚ ಉದುರಿಸಬಹುದು. ಎಲೆಅಡಿಕೆಯ ಸುಣ್ಣ ಹಾಕುವವರಿದ್ದಾರೆ, ಅದು ಹುಳುವಿನ ಮೈಯನ್ನೇ ಸುಡುತ್ತದೆ. ಒಲೆಯ ಬೂದಿಯೂ ಬೇಡ.

ಸಣ್ಣ ಸಣ್ಣ ನೊರಜು ಮುತ್ತಿಕೊಂಡಿವೆ. ಸೊಳ್ಳೆ ಸ್ಪ್ರೇ ಹೊಡೀಲಾ?

ದಯವಿಟ್ಟು ಬೇಡ, ಹುಳುವೂ ಸಾಯುತ್ತದೆ. ನೊರಜಿನ ಮೊಟ್ಟೆ ಹಣ್ಣಿನ ಸಿಪ್ಪೆಯ ಜೊತೆಗೇ ಮನೆಗೆ ಬಂದಿರುತ್ತದೆ. ಬಾಳೆಹಣ್ಣಿನ ಸಿಪ್ಪೆಯನ್ನು ಫ್ರೀಜರಿನಲ್ಲಿ ಎರಡು ದಿನ ಇಟ್ಟು, ಮತ್ತೆ ಹದಕ್ಕೆ ಬಂದ ಮೇಲೆ ಹಾಕಿ. ಊಟವನ್ನು ಮೇಲೆ ಬಿಡದೆ ಹೂತು, ಮೇಲೆ ಎರಡಿಂಚು ಒಣ ಎಲೆ ಮುಚ್ಚಿ.

ಇರುವೆ ಗೂಡು ಕಟ್ಟಿದೆ, ಕೆಂಪಿರುವೆ.

ಇರುವೆ ಬಂದಿದೆಯೆಂದರೆ ಡಬ್ಬ ಒಣಗಿದೆ ಎಂದರ್ಥ. ನೀರು ಚಿಮುಕಿಸಿ ಮಗುಚಿದರೆ ತಾವೇ ಜಾಗ ಬಿಡುತ್ತವೆ. ಮತ್ತೆ ಬರದಿರಲು ಹಿಂದೆ ತಿಂಡಿಯ ಬೀರುವಿಗೆ ಮಾಡುತ್ತಿದ್ದ ಉಪಾಯವೇ ಸಾಕು: ಸ್ಟ್ಯಾಂಡಿನ ನಾಲ್ಕು ಕಾಲಿನಡಿ ನೀರಿನ ಬಟ್ಟಲು. ಆ ನೀರನ್ನು ಎರಡು ಮೂರು ದಿನಕ್ಕೆ ಚೆಲ್ಲಿ ಬದಲಿಸಿ, ಡೆಂಗಿ ಸೊಳ್ಳೆಗೆ ಅಷ್ಟು ನೀರೇ ಸಾಕು. ಇರುವೆ ಪುಡಿ ಡಬ್ಬದ ಹತ್ತಿರವೂ ಬೇಡ.

ದಪ್ಪ ದಪ್ಪ, ಬೂದು ಬಣ್ಣದ, ಗಟ್ಟಿ ಮೈಯ ಹುಳಗಳು ತುಂಬಿವೆ. ಇವು ಎರೆಹುಳು ತಿಂತಾವಾ?

ಇಲ್ಲ. ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು. ಆ ನೊಣ ಕಚ್ಚುವುದಿಲ್ಲ, ಊಟದ ಮೇಲೆ ಕೂರುವುದಿಲ್ಲ. ಮರಿಗಳು ಹಸಿಕಸವನ್ನು ಎರೆಹುಳುವಿಗಿಂತ ಬೇಗ ತಿಂದು ಮುಗಿಸುತ್ತವೆ, ತೊಂದರೆ ಅಷ್ಟೇ: ಹುಳುವಿನ ಪಾಲು ಕಡಿಮೆಯಾಗುತ್ತದೆ, ಡಬ್ಬ ಬೆಚ್ಚಗಾಗುತ್ತದೆ. ಒದ್ದೆಯನ್ನೂ ಊಟವನ್ನೂ ಕಡಿಮೆ ಮಾಡಿದರೆ ಇವು ತಗ್ಗುತ್ತವೆ. ಆರಿಸಿ ಕೋಳಿಗೆ ಹಾಕುವವರೂ ಇದ್ದಾರೆ.

ಹೆಗ್ಗಣ ಬಂದು ಟಬ್ಬನ್ನೇ ಕಡಿದು ತೂತು ಮಾಡಿದೆ!

ನೆಲಮಹಡಿಯವರ ದೊಡ್ಡ ಗೋಳು ಇದು. ಪ್ಲಾಸ್ಟಿಕ್ ಟಬ್ಬು ಹೆಗ್ಗಣದ ಹಲ್ಲಿಗೆ ತಡೆಯುವುದಿಲ್ಲ. ಅರ್ಧ ಇಂಚು ಕಣ್ಣಿನ ಕಬ್ಬಿಣದ ಜಾಲರಿಯನ್ನು ತಳಕ್ಕೂ ಮೇಲಕ್ಕೂ ಹೊಡೆಸಿ, ಇಲ್ಲವೇ ಸಿಮೆಂಟಿನ ತೊಟ್ಟಿ ಮಾಡಿಕೊಳ್ಳಿ. ಬೇಯಿಸಿದ ಆಹಾರ ಹಾಕುವುದನ್ನು ಪೂರ್ತಿ ನಿಲ್ಲಿಸಿ. ಹೆಗ್ಗಣವನ್ನು ಕರೆಯುವುದು ಆ ವಾಸನೆ.

ಜೋರು ಮಳೆ ಬಂದ ರಾತ್ರಿ ಹುಳ ಎಲ್ಲ ಗೋಡೆ ಹತ್ತಿ ಹೊರಗೆ ಬರ್ತದೆ. ಎಂತ ಮಾಡುವುದು? (ಉಡುಪಿಯಿಂದ)

ಯೂಡ್ರಿಲಸ್ ಹುಳುವಿಗೆ ಈ ಅಭ್ಯಾಸ ಹೆಚ್ಚು. ಗಾಳಿಯಲ್ಲೇ ನೀರಿರುವಾಗ ಹೊರಗೆ ಹರಿದರೂ ಮೈ ಒಣಗದು, ಒಳಗಿನ ಹಾಸಿಗೆಯೂ ನೆನೆದು ಗಾಳಿಯಿಲ್ಲ, ಹಾಗಾಗಿ ಹೊರಡುತ್ತವೆ. ಜೂನ್‌ಗೆ ಮುಂಚೆಯೇ ಡಬ್ಬವನ್ನು ಎರಚಲು ತಾಗದ ಜಾಗಕ್ಕೆ ತನ್ನಿ. ಮಳೆಗಾಲದುದ್ದಕ್ಕೂ ನೀರು ಹಾಕುವುದೇ ಬೇಡ, ತರಕಾರಿಯ ನೀರೇ ಹೆಚ್ಚು. ಮೇ ತಿಂಗಳಲ್ಲೇ ನಾಲ್ಕು ಚೀಲ ಒಣ ಎಲೆ, ಅಡಿಕೆ ಹಾಳೆಯ ಚೂರು ಕೂಡಿಟ್ಟುಕೊಂಡರೆ ಸೆಪ್ಟೆಂಬರ್‌ವರೆಗೆ ಒದಗುತ್ತದೆ. ಜಡಿಮಳೆಯ ರಾತ್ರಿಗಳಲ್ಲಿ ಡಬ್ಬದ ಮೇಲೊಂದು ಬಲ್ಬು ಉರಿಯಲಿ.

ನಮ್ ಕಡೆ ಬ್ಯಾಸಗಿ 42 ಡಿಗ್ರಿ ಐತ್ರಿ. ಹುಳ ಉಳೀತಾವೇನ್ರಿ? (ಕಲಬುರಗಿಯಿಂದ)

ಉಳಿಯುತ್ತವೆ, ಆದರೆ ಪ್ಲಾಸ್ಟಿಕ್ ಟಬ್ಬಿನಲ್ಲಿ ಅಲ್ಲ. ಹಾಸಿಗೆಯ ಒಳಗಿನ ಬಿಸಿ 35 ಡಿಗ್ರಿ ದಾಟಿದರೆ ಹುಳುವಿಗೆ ಪ್ರಾಣಸಂಕಟ. ನಿಮ್ಮ ಕಡೆಯ ಒಣಗಾಳಿ ಇಲ್ಲಿ ಸಹಾಯಕ್ಕೆ ಬರುತ್ತದೆ. ಅಗಲ ಬಾಯಿಯ ಮಣ್ಣಿನ ಮಡಕೆ ಅಥವಾ ಇಟ್ಟಿಗೆಯ ತೊಟ್ಟಿಯನ್ನು ಹುಣಸೆಯದೋ ಬೇವಿನದೋ ಗಟ್ಟಿ ನೆರಳಲ್ಲಿ ಅರ್ಧ ನೆಲದೊಳಗೆ ಹೂತು, ಮೇಲೆ ಒದ್ದೆ ಗೋಣಿ ಹೊದಿಸಿ. ಹೂಜಿಯ ನೀರು ತಣ್ಣಗಾದಂತೆ ಒಳಗೆ ತಣ್ಣಗಾಗುತ್ತದೆ. ಗೋಣಿಗೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ನೀರು ಚಿಮುಕಿಸಿ. ಏಪ್ರಿಲ್, ಮೇ ಎರಡು ತಿಂಗಳು ಊಟ ಅರ್ಧ ಮಾಡಿ, ಕೊಳೆಯುವ ಊಟವೇ ಒಳಗೆ ಬಿಸಿ ಹುಟ್ಟಿಸುತ್ತದೆ.

ಹದಿನೈದು ದಿನ ಊರಿಗೆ ಹೋಗ್ತಿದ್ದೀವಿ. ಯಾರಿಗೆ ಒಪ್ಪಿಸಿ ಹೋಗಲಿ?

ಯಾರಿಗೂ ಬೇಡ. ಸಿಹಿಗುಂಬಳದ ಎರಡು ತುಂಡು ಹೂತು, ಒಣ ಎಲೆ ಹೊದಿಸಿ, ಗೋಣಿ ಒದ್ದೆ ಮಾಡಿ ಹೊರಡಿ. ಒಂದು ತಿಂಗಳಾದರೂ ತಡೆಯುತ್ತವೆ, ಹಾಸಿಗೆಯ ಎಲೆಯನ್ನೇ ತಿನ್ನುತ್ತವೆ.

## ಗೊಬ್ಬರ ತೆಗೆಯುವುದು

ಯಾವಾಗ ತೆಗೀಬೇಕು? ಹುಳು ಬೇರೆ ಮಾಡೋದು ಹೇಗೆ?

ಮನೆಯ ಡಬ್ಬದಲ್ಲಿ ಮೊದಲ ಗೊಬ್ಬರಕ್ಕೆ ಮೂರು ತಿಂಗಳು ಬೇಕು. ಹಾಕಿದ್ದೇನೂ ಗುರುತು ಸಿಗದಂತೆ, ಕಪ್ಪಗೆ, ಟೀ ಪುಡಿಯ ಹಾಗೆ ಉದುರುದುರಾಗಿದ್ದರೆ ಆಯಿತು. ಅವಸರವಿಲ್ಲದಿದ್ದರೆ ಹೊಸ ಊಟವನ್ನು ಒಂದೇ ಬದಿಗೆ ಹಾಕುತ್ತಾ ಬನ್ನಿ. ಮೂರು ವಾರದಲ್ಲಿ ಹುಳುಗಳೆಲ್ಲ ಆ ಬದಿಗೆ ಸಾಗುತ್ತವೆ, ಇತ್ತ ಕಡೆಯದನ್ನು ಎತ್ತಿಕೊಳ್ಳಿ. ಬೇಗ ಬೇಕಿದ್ದರೆ ನಾಲ್ಕು ದಿನ ನೀರು ನಿಲ್ಲಿಸಿ, ಬೆಳಕಿರುವ ಕಡೆ ಗೋಣಿಯ ಮೇಲೆ ಚಿಕ್ಕ ಚಿಕ್ಕ ಗೋಪುರಗಳಾಗಿ ಸುರಿಯಿರಿ. ಬೆಳಕಿಗೆ ಹೆದರಿ ಹುಳು ತಳಕ್ಕಿಳಿಯುತ್ತವೆ. ಮೇಲಿನದನ್ನು ಕೈಯಲ್ಲಿ ಸವರಿ ತೆಗೆಯುತ್ತಾ ಬಂದರೆ ಕೊನೆಗೆ ತಳದಲ್ಲಿ ಹುಳುವಿನ ಉಂಡೆ ಉಳಿಯುತ್ತದೆ. ಜರಡಿ ಹಿಡಿಯುವುದು ಆಮೇಲೆ. ಗೊಬ್ಬರವನ್ನು ಬಿಸಿಲಿನಲ್ಲಿ ಒಣಗಿಸಬೇಡಿ, ಅದರೊಳಗಿನ ಜೀವ ಹೋಗುತ್ತದೆ. ನೆರಳಲ್ಲಿ, ತುಸು ತೇವ ಇರುವಂತೆ ಗೋಣಿಯಲ್ಲಿಡಿ.

ಕೆಳಗಿನ ತಟ್ಟೆಗೆ ಬಂದ ಕಂದು ನೀರೇ ಎರೆಜಲನಾ?

ಅಲ್ಲ, ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. ಅದು ಅರ್ಧ ಕೊಳೆತ ಕಸದಿಂದ ಬಸಿದ ನೀರು. ದಿನಾ ಹೆಚ್ಚು ಬರುತ್ತಿದ್ದರೆ ಡಬ್ಬ ಅತಿಯಾಗಿ ಒದ್ದೆಯಾಗಿದೆ. ಹತ್ತು ಪಾಲು ನೀರು ಬೆರೆಸಿ ಹೂಗಿಡದ ಬುಡಕ್ಕೆ ಹಾಕಿ, ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ. ಎರೆಜಲ ಎನ್ನುವುದು ಪೂರ್ತಿ ಮಾಗಿದ ಗೊಬ್ಬರ ಮತ್ತು ಹುಳುಗಳಿರುವ ಪಾತ್ರೆಯ ಮೇಲಿಂದ ಹನಿಹನಿಯಾಗಿ ನೀರಿಳಿಸಿ, ಕೆಳಗೆ ಸಂಗ್ರಹಿಸುವಂಥದ್ದು. ನಾರುವುದಿಲ್ಲ, ತಿಳಿಯಾದ ಟೀ ಡಿಕಾಕ್ಷನ್ ಬಣ್ಣ.

ಗಿಡಕ್ಕೆ ಎಷ್ಟು ಹಾಕಬೇಕು?

ಕುಂಡಕ್ಕೆ ತಿಂಗಳಿಗೆ ಎರಡು ಹಿಡಿ. ಹೊಸ ಕುಂಡ ತುಂಬುವಾಗ ಮಣ್ಣಿನ ಕಾಲು ಭಾಗ. ಎರೆಗೊಬ್ಬರದಲ್ಲಿ ಸಾರಜನಕ ಸಾಮಾನ್ಯವಾಗಿ ಶೇ 1ರಿಂದ 2 ಅಷ್ಟೇ, ಯೂರಿಯಾದಂತೆ ರಾತ್ರೋರಾತ್ರಿ ಹಸಿರಾಗುವುದಿಲ್ಲ. ಮಣ್ಣು ನೀರು ಹಿಡಿಯುವ ಬಗೆ, ಬೇರಿನ ಬೆಳವಣಿಗೆ ಬದಲಾಗುವುದನ್ನು ಎರಡು ಮೂರು ತಿಂಗಳಲ್ಲಿ ಕಾಣುತ್ತೀರಿ.

## ಪಳಗಿದವರ ಪ್ರಶ್ನೆಗಳು

ಗೊಬ್ಬರದಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ, ಹೊಂಬಣ್ಣದ ಕಾಳುಗಳಿವೆ. ಯಾವುದೋ ಬೀಜವಾ?

ಮೊಟ್ಟೆಯ ಕೋಶಗಳು, ಜೋಪಾನ! ಒಂದನ್ನು ಅಂಗೈಯಲ್ಲಿಟ್ಟು ನೋಡಿ: ಪುಟ್ಟ ನಿಂಬೆಹಣ್ಣಿನ ಆಕಾರ, ಒಂದು ತುದಿ ಚೂಪು. ಹೊಸದು ತಿಳಿ ಹಳದಿ, ಬಲಿತಂತೆ ಕೆಂಪುಗಂದು. ರಾತ್ರಿ ಟಾರ್ಚಿನ ಮೇಲಿಟ್ಟರೆ ಒಳಗೆ ಕೆಂಪು ದಾರದಂಥದ್ದು ಅಲುಗುವುದು ಕಾಣುತ್ತದೆ. ಪ್ರತಿ ಹುಳುವೂ ಗಂಡೂ ಹೌದು, ಹೆಣ್ಣೂ ಹೌದು, ಆದರೂ ಎರಡು ಕೂಡಬೇಕು. ಮೈಮೇಲಿನ ದಪ್ಪ ಪಟ್ಟಿಯಿಂದ ಈ ಕೋಶ ಜಾರಿ ಬರುತ್ತದೆ. ಐಸೀನಿಯಾದಲ್ಲಿ ಸುಮಾರು ಮೂರು ವಾರಕ್ಕೆ ಒಡೆದು ಎರಡು ಮೂರು ಮರಿ ಹೊರಬರುತ್ತವೆ, ಅವು ಆರೆಂಟು ವಾರದಲ್ಲಿ ಬಲಿಯುತ್ತವೆ. ಜರಡಿ ಹಿಡಿದಾಗ ಸಿಕ್ಕ ಕೋಶಗಳನ್ನು ಮತ್ತೆ ಡಬ್ಬಕ್ಕೆ ಸೇರಿಸಿ.

ಹಾಗಾದರೆ ಎರಡು ವರ್ಷದಲ್ಲಿ ಹುಳು ತುಂಬಿ ತುಳುಕಲ್ವಾ?

ಇಲ್ಲ. ಜಾಗ, ಊಟ ಎಷ್ಟಿದೆಯೋ ಅಷ್ಟಕ್ಕೆ ಮೊಟ್ಟೆ ಇಡುವುದನ್ನೇ ಕಡಿಮೆ ಮಾಡುತ್ತವೆ. ಆದರೂ ವರ್ಷಕ್ಕೊಮ್ಮೆ ಅರ್ಧ ತೆಗೆದು ಇನ್ನೊಬ್ಬರಿಗೆ ಕೊಡಿ. ನನ್ನ ಮೊದಲ ಟಬ್ಬಿನ ಸಂತತಿ ಈಗ ನಮ್ಮ ಬೀದಿಯಲ್ಲೇ ಹನ್ನೊಂದು ಮನೆಗಳಲ್ಲಿದೆ. ಅವರೆಕಾಯಿಯ ಆ ದುರಂತದ ಮೇಲೆ ನನಗೆ ಹುಳು ಮರಳಿ ಸಿಕ್ಕಿದ್ದೂ ಆ ಮನೆಗಳಿಂದಲೇ.

ಕೈತೋಟದ ಸಲಿಕೆ ತಾಗಿ ಹುಳು ತುಂಡಾಯ್ತು. ಎರಡೂ ಬದುಕುತ್ತವಂತೆ, ನಿಜವಾ?

ನಿಜವಲ್ಲ. ಬಾಲದ ತುದಿ ಹೋಗಿದ್ದರೆ ತಲೆಯ ಭಾಗ ಚೇತರಿಸಿಕೊಳ್ಳಬಹುದು, ಬಾಲದ ತುಂಡು ಸಾಯುತ್ತದೆ. ಅದಕ್ಕೇ ಡಬ್ಬದೊಳಗೆ ಸಲಿಕೆ ಬೇಡ, ಕೈಯೇ ಸರಿ.

ತಲೆ ಬೀಸಣಿಗೆ ಥರ ಅಗಲ, ಬೆನ್ನ ಮೇಲೆ ಕಪ್ಪು ಗೆರೆ, ಅಂಟಂಟಾದ ಉದ್ದ ಹುಳ ಸಿಕ್ಕಿತು. ಇದೂ ಎರೆಹುಳುನಾ?

ಅಲ್ಲ, ಎರೆಹುಳುವಿನ ವೈರಿ. ಬೈಪಾಲಿಯಂ ಎಂಬ ಚಪ್ಪಟೆ ಹುಳು, ಕುಂಡದ ಗಿಡಗಳ ಮಣ್ಣಿನ ಜೊತೆ ಲೋಕವೆಲ್ಲ ಹರಡಿದೆ. ಎರೆಹುಳುವಿನ ಮೇಲೆ ಸುತ್ತಿಕೊಂಡು ಅದನ್ನು ಕರಗಿಸಿ ಹೀರುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ. ಕತ್ತರಿಸಲೂ ಬೇಡಿ, ಇದರ ತುಂಡುಗಳು ಮಾತ್ರ ನಿಜವಾಗಿ ಬೇರೆ ಬೇರೆ ಹುಳುವಾಗುತ್ತವೆ. ಕಡ್ಡಿಯಲ್ಲಿ ಎತ್ತಿ ಗಟ್ಟಿ ಉಪ್ಪುನೀರಿನ ಡಬ್ಬಿಗೆ ಹಾಕಿ. ನರ್ಸರಿಯಿಂದ ತಂದ ಕುಂಡವನ್ನು ಹುಳುವಿನ ಡಬ್ಬದ ಪಕ್ಕ ಇಡುವ ಮುಂಚೆ ತಳ ಎತ್ತಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ನಾವು ಮಿನಿಸೋಟಾದಲ್ಲಿದ್ದೇವೆ. ಚಳಿಗಾಲದಲ್ಲಿ ಹೇಗೆ? ಬೇಸಿಗೆಯಲ್ಲಿ ಹೆಚ್ಚಾದ ಹುಳುವನ್ನು ಹಿಂದಿನ ಕಾಡಿಗೆ ಬಿಡಬಹುದಾ?

ಐಸೀನಿಯಾ ಫೆಟಿಡಾ ತಗೊಂಡು ನೆಲಮಾಳಿಗೆಯಲ್ಲಿ ಸಾಕಿ, 15ರಿಂದ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಾಯಾಗಿರುತ್ತವೆ. ಗ್ಯಾರೇಜು ಹೆಪ್ಪುಗಟ್ಟುವುದಾದರೆ ಬೇಡ. ಕಾಡಿಗೆ ಮಾತ್ರ ಒಂದೂ ಬಿಡಬೇಡಿ. ಹಿಮಯುಗದಲ್ಲಿ ಹಿಮದಡಿ ಇದ್ದ ಆ ನಾಡಿನ ಕಾಡುಗಳಲ್ಲಿ ಸ್ಥಳೀಯ ಎರೆಹುಳುವೇ ಇಲ್ಲ. ಅಲ್ಲಿಯ ಗಿಡಮರಗಳು ನೆಲದ ಮೇಲಿನ ದಪ್ಪ ತರಗೆಲೆಯ ಹಾಸನ್ನು ನಂಬಿ ಬೆಳೆದವು. ಹೊರಗಿನಿಂದ ಬಂದ ಹುಳುಗಳು ಆ ಹಾಸನ್ನು ತಿಂದು ಮುಗಿಸಿ ಕಾಡಿನ ಎಳೆಯ ಸಸಿಗಳಿಗೆ ನೆಲೆಯಿಲ್ಲದಂತೆ ಮಾಡುತ್ತಿವೆ. ಇಲ್ಲಿ ನಮಗೆ ರೈತನ ಮಿತ್ರನಾದ ಜೀವ ಅಲ್ಲಿ ಹಾಗಲ್ಲ. ಗೊಬ್ಬರದಲ್ಲೂ ಕೋಶಗಳು ಉಳಿದಿರುತ್ತವೆ, ಅದನ್ನು ಮನೆಯೊಳಗಿನ ಕುಂಡಗಳಿಗೇ ಬಳಸಿ. ಹೆಚ್ಚಾದ ಹುಳುವನ್ನು ಡಬ್ಬದಲ್ಲಿ ಸಾಕುವ ಇನ್ನೊಬ್ಬರಿಗೆ ಕೊಡಿ.